ಹತ್ತಿಕಟ್ಟಿಗೆಯ ಯಂತ್ರಕ್ಕೆ ತಾಂಪೆರೆಯಲ್ಲಿ ತಪಾಸಣೆ

ಹೊರಡುವ ಮುಂಚೆ

ಫಿನ್‌ಲ್ಯಾಂಡಿಗೆ ಹೊರಟಿದ್ದೇನೆ ಎಂದಾಗ ಧಾರವಾಡದ ನಮ್ಮ ಓಣಿಯವರೆಲ್ಲ ಕೇಳಿದ್ದು ಒಂದೇ ಮಾತು, ಅಲ್ಲಿ ಊಟಕ್ಕೆ ಏನು ಮಾಡುತ್ತೀರಿ ಎಂದು. ಯಾಕೆ ಹೊರಟಿದ್ದೀರಿ ಎಂದು ಕೇಳಿದವರು ಇಬ್ಬರೋ ಮೂವರೋ. ಅವರಿಗೂ ಅರ್ಧ ಉತ್ತರ ಕೇಳುವಷ್ಟರಲ್ಲಿ ಗ್ಯಾಸಿನ ಮೇಲೆ ಹಾಲಿಟ್ಟದ್ದು ನೆನಪಾಗುತ್ತಿತ್ತು. ಓದುಗರು ಹಾಗೆ ಎದ್ದು ಹೋಗಲಾರರು ಎಂಬ ಧೈರ್ಯದಿಂದ ಇಲ್ಲಿ ಪೂರ್ತಿ ಹೇಳುತ್ತೇನೆ.

ನಾನು ಪಾಲಿಟೆಕ್ನಿಕ್ ಒಂದರಲ್ಲಿ ವಿದ್ಯುತ್ ವಿಭಾಗದ ಉಪನ್ಯಾಸಕಿ. ಕರೆಂಟ್ ತಯಾರಿಸುವ ಯಂತ್ರಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ಲೆಕ್ಕ ಹಾಕುವುದು ನನ್ನ ಅಧ್ಯಯನದ ವಿಷಯ. ಮದುವೆ ಮನೆಯ ರೊಟ್ಟಿ ಬಡಿಯುವ ಹೆಂಗಸರನ್ನು ನೆನೆಸಿಕೊಳ್ಳಿ. ನಾಳೆ ಇಷ್ಟು ರೊಟ್ಟಿ ಬೇಕು ಎಂದು ಗೊತ್ತಿದೆ. ಕರೆದವರಲ್ಲಿ ಒಬ್ಬಳಿಗೆ ಜ್ವರ ಬರಬಹುದು, ಇನ್ನೊಬ್ಬಳ ಕೈ ಸುಡಬಹುದು. ಹಾಗಾದರೆ ಎಷ್ಟು ಮಂದಿಗೆ ಹೇಳಿ ಕಳಿಸಬೇಕು? ನನ್ನ ವಿಷಯವೂ ಇಷ್ಟೇ, ಹೆಂಗಸರ ಬದಲು ಜನರೇಟರು, ರೊಟ್ಟಿಯ ಬದಲು ಕರೆಂಟು. ಒಂದೊಂದು ಯಂತ್ರಕ್ಕೂ ಎರಡು ಸ್ಥಿತಿ ಇಟ್ಟುಕೊಳ್ಳುತ್ತೇವೆ. ಒಂದೋ ನಡೆಯುತ್ತಿದೆ, ಇಲ್ಲವೋ ಕೆಟ್ಟಿದೆ. ಎಷ್ಟು ಸಲ ಕೆಟ್ಟಿತು, ಎಷ್ಟು ಹೊತ್ತು ಕೆಟ್ಟು ಕೂತಿತ್ತು ಎಂಬುದರಿಂದ ಅದರ ಯೋಗ್ಯತೆ ತಿಳಿಯುತ್ತದೆ.

ಉಪ್ಪಿನಬೆಟಗೇರಿ ಕಡೆ ಒಂದು ಸಣ್ಣ ಘಟಕ ಇದೆ. ಹತ್ತಿ ಬಿಡಿಸಿದ ಮೇಲೆ ಹೊಲದಲ್ಲಿ ಉಳಿಯುವ ಕಟ್ಟಿಗೆಯನ್ನು ಅರೆಬರೆ ಸುಟ್ಟು, ಅದರ ಅನಿಲದಿಂದ ಇಂಜಿನ್ ನಡೆಸಿ ಕರೆಂಟ್ ಮಾಡುತ್ತಾರೆ. ಅಲ್ಲಿನ ಇಂಜಿನಿಯರ್ ಬಸವರಾಜ ನನ್ನ ಹಳೆಯ ವಿದ್ಯಾರ್ಥಿ. ಅವರ ಕರೆಂಟ್ ಕೊಳ್ಳುವ ಕಚೇರಿಯವರು, ಈ ಯಂತ್ರ ಬಹಳ ಸಲ ನಿಲ್ಲುತ್ತದೆ, ಹೊರಗಿನವರೊಬ್ಬರಿಂದ ವರದಿ ತನ್ನಿ, ಇಲ್ಲದಿದ್ದರೆ ಕರಾರು ಮುಂದುವರಿಸುವುದಿಲ್ಲ ಎಂದಿದ್ದರು. ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬಸವರಾಜ ಕಳಿಸಿದ ಅಂಕಿಗಳನ್ನು ಎರಡು ಸ್ಥಿತಿಯ ಈ ಲೆಕ್ಕದ ಮಾದರಿಗೆ ಹಾಕಿ ನೋಡಿದೆ. ಯಂತ್ರ ನಂಬಲು ಯೋಗ್ಯವಲ್ಲ ಎಂದೇ ಉತ್ತರ ಬಂತು. ಮತ್ತೊಮ್ಮೆ ಹಾಕಿದೆ, ಮತ್ತೆ ಅದೇ. ಘಟಕ ಮುಚ್ಚಿದರೆ ಅಲ್ಲಿ ದುಡಿಯುವವರೆಲ್ಲ ಬೇರೆ ಕೆಲಸ ಹುಡುಕಬೇಕು, ಹತ್ತಿಕಟ್ಟಿಗೆ ಮತ್ತೆ ಹೊಲದಲ್ಲೇ ಸುಟ್ಟು ಹೊಗೆಯಾಗಬೇಕು. ಆದರೆ ಶಿಷ್ಯನ ಮುಖ ನೋಡಿ ಲೆಕ್ಕ ತಿದ್ದಲು ಬರುವುದಿಲ್ಲವಲ್ಲ.

ಅದೇ ಹೊತ್ತಿಗೆ ಫಿನ್‌ಲ್ಯಾಂಡಿನ ತಾಂಪೆರೆ ಎಂಬ ಊರಿನಲ್ಲಿ ಇದೇ ವಿಷಯದ ಮೇಲೆ ಎರಡು ವಾರದ ಕಮ್ಮಟಕ್ಕೆ ಕರೆ ಬಂತು. ನನ್ನ ಲೆಕ್ಕವನ್ನು ಬಲ್ಲವರ ಮುಂದೆ ಇಟ್ಟು ನೋಡಿ, ಬಂದ ಮೇಲೆ ವರದಿಗೆ ಸಹಿ ಹಾಕುತ್ತೇನೆ ಎಂದು ಬಸವರಾಜನಿಗೆ ಹೇಳಿದೆ. ಅವನ ದನಿ ಸಣ್ಣದಾಗಿತ್ತು.

"ನೀವು ಖರೇ ಏನೈತಿ ಅದನ್ನ ಬರೀರಿ ಮೇಡಂ. ಆದ್ರ ನಮ್ಮ ಯಂತ್ರ ಅಷ್ಟ ಕೆಟ್ಟದ್ದಲ್ರಿ. ದಿನಾ ನೋಡತೇನಲ್ರಿ ನಾನು" ಎಂದ.

ತಾಂಪೆರೆ, ಮೊದಲ ಬೆಳಗು

ಎರಡು ಬಸ್ಸುಗಳು ನನ್ನ ಕಣ್ಣೆದುರೇ ಹೋದವು. ನಿಲ್ದಾಣದಲ್ಲಿ ಸರಿಯಾಗಿ ನಿಂತಿದ್ದೆ, ಬಸ್ಸಿನ ನಂಬರೂ ಸರಿ ಇತ್ತು. ಚಾಲಕ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ, ಬಸ್ಸು ಹೋಯಿತು. ಮೂರನೆಯದಕ್ಕೆ ಒಬ್ಬ ಅಜ್ಜಿ ಬಂದು ಸುಮ್ಮನೆ ಕೈ ಎತ್ತಿದರು, ಬಸ್ಸು ನಿಂತಿತು. ಇಲ್ಲಿ ಕೈ ಎತ್ತದಿದ್ದರೆ ಬಸ್ಸು ನಿಲ್ಲುವುದಿಲ್ಲವಂತೆ. ನಮ್ಮಲ್ಲಿ ಹುಬ್ಬಳ್ಳಿ ಬಸ್ಸಿನವರು ಬೇಡವೆಂದರೂ ಹತ್ತಿಸಿಕೊಳ್ಳುತ್ತಾರೆ, ಅದಕ್ಕೇ ನನಗೆ ಆ ಅಭ್ಯಾಸ ಇರಲಿಲ್ಲ.

ಊರು ಚೆಂದ. ನಡುವೆ ಒಂದು ತೊರೆ ರಭಸದಿಂದ ಇಳಿಯುತ್ತದೆ, ಅದರ ಎರಡೂ ದಡಕ್ಕೆ ಕೆಂಪು ಇಟ್ಟಿಗೆಯ ಹಳೆಯ ಗಿರಣಿಗಳು. ಜನ ಮಾತ್ರ ಮಾತನ್ನು ಬಂಗಾರದ ಹಾಗೆ ತೂಗಿ ಕೊಡುತ್ತಾರೆ. ಬಸ್ಸಿಗೆ ಕಾಯುವಾಗ ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಎಮ್ಮೆ ಹಾಯುವಷ್ಟು ಜಾಗ ಬಿಡುತ್ತಾರೆ. ನಾನು ರೂಢಿಯಂತೆ ಒಬ್ಬಾಕೆಯ ಹತ್ತಿರ ಹೋಗಿ ನಿಂತೆ, ಆಕೆ ಒಂದು ಹೆಜ್ಜೆ ಸರಿದಳು. ಜಾಗ ಬಿಟ್ಟಳೆಂದು ನಾನೂ ಒಂದು ಹೆಜ್ಜೆ ಸರಿದೆ. ಹೀಗೆ ನಾವಿಬ್ಬರೂ ನಿಲ್ದಾಣದ ಚಾವಣಿ ದಾಟಿ ಬಿಸಿಲಿಗೆ ಬಂದ ಮೇಲೆ ನನಗೆ ವಿಷಯ ತಿಳಿಯಿತು.

ಕಮ್ಮಟ ನಡೆಸುತ್ತಿದ್ದವರು ಹೆಲ್ಮಿ. ನಿವೃತ್ತಿಯ ಅಂಚಿನಲ್ಲಿದ್ದ, ಗಟ್ಟಿ ಮೈಯ, ಬೆಳ್ಳಿ ಕೂದಲಿನ ಹೆಂಗಸು. ಊಟದ ಹೊತ್ತಿಗೆ ಅವರು ಒಂದು ಒಣ ರೊಟ್ಟಿ ಮುರಿದು ನನ್ನ ತಟ್ಟೆಗಿಟ್ಟರು. ಕಚ್ಚಿ ನೋಡಿದರೆ ಸಾಕ್ಷಾತ್ ನಮ್ಮ ಕಡಕ್ ರೊಟ್ಟಿಯ ಬೀಗತಿ. ಜೋಳದ್ದಲ್ಲ, ಬೇರೊಂದು ಧಾನ್ಯದ್ದು, ಅಷ್ಟೇ. ಮರುದಿನ ನಾನೂ ನನ್ನ ಗಂಟಿನಿಂದ ಒಂದು ಕಡಕ್ ರೊಟ್ಟಿ, ಮೇಲಿಷ್ಟು ಶೇಂಗಾ ಚಟ್ನಿ ಒಯ್ದು ಕೊಟ್ಟೆ. ಹೆಲ್ಮಿ ತಿಂದು, ನೀರು ಕುಡಿದು, ಇನ್ನೊಂದು ಕೇಳಿದರು. ಆ ಮೇಲೆ ಅವರು ನನ್ನ ಜೊತೆ ದಿನಕ್ಕೆ ನಾಲ್ಕು ಮಾತು ಹೆಚ್ಚು ಆಡತೊಡಗಿದರು.

ಶಿಸ್ತಿನ ಕಾಯಿಲೆ

ನನ್ನ ಲೆಕ್ಕವನ್ನು ಹೆಲ್ಮಿ ಬಹಳ ಹೊತ್ತು ನೋಡಿದರು. ಯಂತ್ರ ಒಟ್ಟು ಎಷ್ಟು ಹೊತ್ತು ಕೆಟ್ಟಿತ್ತು ಎಂಬುದಷ್ಟೇ ನನ್ನ ಹಾಳೆಯಲ್ಲಿತ್ತು. ಯಾವ ಯಾವ ದಿನ ಎಂದು ಕೇಳಿದರು. ಬಸವರಾಜನ ಪಟ್ಟಿಯಿಂದ ತಾರೀಖು, ವೇಳೆ ಎರಡನ್ನೂ ಕೊಟ್ಟಾಗ ಅವುಗಳನ್ನು ಪರದೆಯ ಮೇಲೆ ಚುಕ್ಕೆಗಳಾಗಿ ಹರಡಿದರು. ಮಳೆಗಾಲದಲ್ಲಿ ಚುಕ್ಕೆಗಳು ದಟ್ಟವಾಗಿದ್ದವು, ಹಸಿ ಕಟ್ಟಿಗೆ ಇಂಜಿನ್ನಿಗೆ ಆಗದು, ಅದು ನನಗೆ ಗೊತ್ತಿದ್ದದ್ದೇ. ಆದರೆ ಮಳೆ ಇರಲಿ ಬಿಸಿಲಿರಲಿ, ಸುಮಾರು ತಿಂಗಳಿಗೊಂದು ಚುಕ್ಕೆ ತಪ್ಪದೆ ಇತ್ತು.

"ಇದು ಬೆಳಿಗ್ಗೆ ಬೀಳುತ್ತದೆ, ಸಂಜೆ ಏಳುತ್ತದೆ. ನಿಜವಾದ ಕಾಯಿಲೆಗೆ ಇಷ್ಟು ಶಿಸ್ತು ಇರುವುದಿಲ್ಲ" ಎಂದರು ಹೆಲ್ಮಿ.

ಇಷ್ಟು ದಿನ ನಾನು ಆ ಅಂಕಿಗಳ ಜೊತೆ ಕೂತಿದ್ದರೂ ಅವುಗಳನ್ನು ಹೀಗೆ ಹರಡಿ ನೋಡಬೇಕು ಎನಿಸಿರಲಿಲ್ಲ. ತಿಂಗಳ ಕೊನೆಯ ಮೀಟರ್ ನೋಡುವ ದಿನವೇ? ಅಲ್ಲ, ತಾರೀಖು ಒಂದೊಂದು ತಿಂಗಳು ಒಂದೊಂದು. ರವಿವಾರವೇ? ಅದೂ ಅಲ್ಲ. ಬಸವರಾಜನಿಗೆ ಫೋನ್ ಮಾಡಿ, ತಿಂಗಳಿಗೊಮ್ಮೆ ಬರುವ ದೋಷ ಏನಾದರೂ ಇದೆಯೇ ಎಂದು ಕೇಳಿದೆ. ಅವನು ಯೋಚಿಸಿ, ಇಂಜಿನ್ನಿನವರನ್ನೂ ಕೇಳಿ, ಅಂಥ ದೋಷ ಯಾವುದೂ ಇಲ್ಲ ಎಂದ. ಅವನು ಸುಳ್ಳು ಹೇಳುವವನಲ್ಲ.

ಕಾರಣ ಸಿಗದ ದೋಷ ಎಲ್ಲಕ್ಕಿಂತ ಕೆಟ್ಟದ್ದು. ಸಿಗದಿದ್ದರೆ ಅದನ್ನು ಕೆಟ್ಟದ್ದೆಂದೇ ಎಣಿಸಬೇಕು, ಬೇರೆ ದಾರಿ ಇಲ್ಲ ಎಂದು ಹೆಲ್ಮಿ ಹೇಳಿದರು. ಎರಡನೆಯ ವಾರದ ಕೊನೆಗೆ ನಾನು ಎಲ್ಲರ ಮುಂದೆ ಇದನ್ನು ವಿವರಿಸಬೇಕಿತ್ತು. ಅಲ್ಲಿಂದ ನೇರ ಊರಿಗೆ ಬಂದು ಸಹಿ.

ಬಂದ್ ಆದ ಊರು

ಮೊದಲ ವಾರದ ಶುಕ್ರವಾರ ಬೆಳಿಗ್ಗೆ ಎದ್ದು ಹೊರಗೆ ಬಂದರೆ ಊರಿನಲ್ಲಿ ಯಾರೂ ಇಲ್ಲ. ರಸ್ತೆ ಖಾಲಿ. ನಾನು ಹಾಲು ಹಣ್ಣು ಕೊಳ್ಳುತ್ತಿದ್ದ ಅಂಗಡಿಗೆ ಬೀಗ, ಪಕ್ಕದ ಕಾಫಿ ಅಂಗಡಿಗೆ ಬೀಗ. ಟ್ರಾಮ್ ಒಂದು ಬಂತು, ಒಳಗೆ ಚಾಲಕ ಬಿಟ್ಟರೆ ನರಪಿಳ್ಳೆ ಇಲ್ಲ. ಹುಬ್ಬಳ್ಳಿಯಲ್ಲಿ ಬೆಳೆದವಳಿಗೆ ಇಂಥ ರಸ್ತೆ ನೋಡಿದರೆ ಹೊಳೆಯುವುದು ಒಂದೇ, ಬಂದ್. ಎಲ್ಲೋ ಏನೋ ಗಲಾಟೆಯಾಗಿದೆ ಎಂದುಕೊಂಡು ಲಗುಬಗೆಯಿಂದ ಕೋಣೆಗೆ ಮರಳಿ ಬಾಗಿಲು ಹಾಕಿಕೊಂಡೆ. ಕಿಟಕಿಯಿಂದ ನೋಡಿದರೆ ಪೊಲೀಸರೂ ಇಲ್ಲ. ಪೊಲೀಸರೂ ಇಲ್ಲದ ಬಂದ್ ನನ್ನನ್ನು ಇನ್ನಷ್ಟು ಹೆದರಿಸಿತು.

ಮಧ್ಯಾಹ್ನ ಕಡಕ್ ರೊಟ್ಟಿ, ಚಟ್ನಿ. ಕೊನೆಗೆ ನಾಚಿಕೆ ಬಿಟ್ಟು ಹೆಲ್ಮಿಗೆ ಫೋನ್ ಮಾಡಿ, ಊರಲ್ಲಿ ಏನಾಗಿದೆ, ನಾನು ಹೊರಗೆ ಬರಬಹುದೇ ಎಂದು ಕೇಳಿದೆ. ಅವರು ನಗು ತಡೆದುಕೊಂಡು ಕಾರಣ ಹೇಳಿದರು. ಅದು ಅವರ ಬೇಸಿಗೆಯ ನಡುಗಾಲದ ಹಬ್ಬ, ಯುಹಾನ್ನುಸ್. ಸೂರ್ಯ ಮುಳುಗಲು ಮನಸ್ಸು ಮಾಡದ ಆ ದಿನಗಳಲ್ಲಿ ದೇಶಕ್ಕೆ ದೇಶವೇ ಊರು ಬಿಟ್ಟು ಸರೋವರದ ದಂಡೆಗೆ ಹೋಗುತ್ತದೆ.

"ನಿಮಗೆ ಯಾರೂ ಹೇಳಲಿಲ್ಲವೇ?" ಎಂದರು. ತಾವೂ ಹೇಳಿರಲಿಲ್ಲ ಎಂಬುದು ಅವರಿಗೆ ಆಗ ಹೊಳೆಯಿತು. "ಎಲ್ಲರಿಗೂ ಗೊತ್ತಿರುವುದನ್ನು ಯಾರು ಯಾರಿಗೆ ಹೇಳುತ್ತಾರೆ" ಎಂದು ತಮ್ಮನ್ನೇ ಬೈದುಕೊಂಡರು. ಸಂಜೆಗೆ ಕಾರಿನಲ್ಲಿ ಬಂದು ನನ್ನನ್ನು ಕರೆದುಕೊಂಡು ಹೋದರು.

ಸರೋವರದ ದಂಡೆ

ಹೆಲ್ಮಿಯ ಬೇಸಿಗೆ ಮನೆ ಎಂದರೆ ಮರದ ಒಂದು ಗುಡಿಸಲು, ಎದುರಿಗೆ ನೀರು, ಪಕ್ಕಕ್ಕೆ ಸೌನಾ ಎಂಬ ಬಿಸಿ ಕೋಣೆ. ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ, ಅದೊಂದು ನನಗೆ ತವರು ಎನಿಸಿತು. ಸೌನಾಕ್ಕೆ ಹೆಂಗಸರು ಬೇರೆ ಹೋಗುತ್ತಾರಂತೆ. ನಾನು ಸೀರೆ ಉಟ್ಟೇ ಕೂರುತ್ತೇನೆ ಎಂದೆ, ಹೆಲ್ಮಿ ಒಂದು ದೊಡ್ಡ ಟವೆಲ್ ಕೊಟ್ಟು ರಾಜಿ ಮಾಡಿಸಿದರು. ಕಾದ ಕಲ್ಲಿನ ಮೇಲೆ ನೀರು ಹಾಕಿದಾಗ ಎದ್ದ ಹಬೆಗೆ ನನಗೆ ದೀಪಾವಳಿಯ ಎಣ್ಣೆಸ್ನಾನದ ಬಚ್ಚಲು ನೆನಪಾಯಿತು. ಅವರು ಎಲೆಯ ಗೊಂಚಲಿನಿಂದ ಬೆನ್ನಿಗೆ ಹೊಡೆದುಕೊಳ್ಳುವುದನ್ನು ಮಾತ್ರ ನಾನು ದೂರದಿಂದಲೇ ಮೆಚ್ಚಿಕೊಂಡೆ.

ಹೊರಗೆ ಕೂತಾಗ ಹೆಲ್ಮಿ ತಮ್ಮ ದೇಶದ ಕಾರ್ಖಾನೆಗಳ ಮಾತು ತೆಗೆದರು. ಜುಲೈ ಬಂದರೆ ಎಷ್ಟೋ ಕಾರ್ಖಾನೆಗಳು ವಾರಗಟ್ಟಲೆ ನಿಲ್ಲುತ್ತವೆ, ಆಗಲೇ ಯಂತ್ರಗಳನ್ನು ಬಿಚ್ಚಿ ತೊಳೆಯುತ್ತಾರೆ. ಅದನ್ನು ಯಾರೂ ಕೆಟ್ಟದ್ದೆಂದು ಎಣಿಸುವುದಿಲ್ಲ, ರಜೆ ಎನ್ನುತ್ತಾರೆ. ನಾನು ತಲೆಯಾಡಿಸಿದೆ. ಕೇಳಿದೆ, ಆದರೆ ನನ್ನ ತಲೆಗೆ ಇಳಿಯಲಿಲ್ಲ. ಮನಸ್ಸೆಲ್ಲ ಆ ಚುಕ್ಕೆಗಳಲ್ಲೇ ಇತ್ತು.

ಬುಧವಾರ

ಬುಧವಾರ ಕಾಫಿಯ ಹೊತ್ತಿಗೆ ನಮ್ಮ ಮನೆಯವರು ವಿಡಿಯೋ ಕರೆ ಮಾಡಿದರು. ಹುಬ್ಬಳ್ಳಿಯಲ್ಲಿ ಅವರದು ಬಟ್ಟೆ ಅಂಗಡಿ, ಸಾಮಾನ್ಯವಾಗಿ ಆ ಹೊತ್ತಿಗೆ ಗಿರಾಕಿಗಳ ನಡುವೆ ಇರುತ್ತಾರೆ. ಅಂದು ಮನೆಯಲ್ಲಿ, ಹಣೆಗೆ ಕುಂಕುಮ ಇಟ್ಟುಕೊಂಡು ಆರಾಮಾಗಿ ಕೂತಿದ್ದರು. ಹಿಂದೆ ದೇವರ ಜಗಲಿಯ ಮೇಲೆ ಅತ್ತೆ ಮಾಡಿದ ಮಣ್ಣಿನ ಎತ್ತುಗಳು, ಕೊರಳಿಗೆ ಹೂವಿನ ಎಸಳು.

"ಅಂಗಡಿಗೆ ಹೋಗಿಲ್ಲೇನ್ರಿ?" ಎಂದೆ.

"ಮರತಿ ಏನು, ಇವತ್ತ ಮಣ್ಣೆತ್ತಿನ ಅಮಾಸಿ. ಗಾಡಿ ತೊಳದು, ಪೂಜಾ ಮಾಡಿ ನಿಲ್ಸೇನಿ. ಅಮಾಸಿ ದಿನ ಯಾರ ಗಾಡಿ ಹೊರಗ ತಗೀತಾರ?" ಎಂದರು.

ನನ್ನ ಕೈಯಲ್ಲಿದ್ದ ಕಾಫಿ ಕಪ್ಪು ಅಲ್ಲೇ ನಿಂತಿತು. ಆಮೇಲೆ ಮಾತಾಡುತ್ತೇನೆ ಎಂದು ಫೋನ್ ಇಟ್ಟೆ. ಕಾಫಿ ಕೋಣೆಯ ಗೋಡೆಗೆ ಅವರ ದೇಶದ ಕ್ಯಾಲೆಂಡರ್ ತೂಗುತ್ತಿತ್ತು. ನಮ್ಮಲ್ಲಿ ತಿಥಿ ನಕ್ಷತ್ರ ಇರುವ ಹಾಗೆ ಅವರಲ್ಲಿ ದಿನಕ್ಕೊಂದು ಹೆಸರು ಅಚ್ಚಾಗಿರುತ್ತದೆ, ಆ ಹೆಸರಿನವರಿಗೆ ಅಂದು ಶುಭಾಶಯ. ಮೂಲೆಯಲ್ಲಿ ಸಣ್ಣ ಸಣ್ಣ ಚಂದ್ರರೂ ಇರುತ್ತಾರೆ. ಆ ದಿನದ ಚೌಕದಲ್ಲಿ ಒಂದು ಕಪ್ಪು ಚಂದ್ರ ಕೂತಿದ್ದ. ಹಿಂದಿನ ವರ್ಷದ್ದನ್ನೂ ಹಕ್ಕಿಗಳ ಚಿತ್ರ ಚೆಂದವೆಂದು ಅದರ ಹಿಂದೆಯೇ ಬಿಟ್ಟಿದ್ದರು. ಹಾಳೆ ತಿರುವುತ್ತ ನನ್ನ ತಾರೀಖುಗಳನ್ನು ಹೋಲಿಸಿದೆ. ಶಿಸ್ತಿನ ಚುಕ್ಕೆ ಒಂದೊಂದೂ ಕಪ್ಪು ಚಂದ್ರನ ಮೇಲೆ ಬಿದ್ದಿತ್ತು.

ಬಸವರಾಜನಿಗೆ ಫೋನ್ ಹಚ್ಚಿದೆ. ಈ ಸಲ ದೋಷದ ಮಾತೆತ್ತಲಿಲ್ಲ.

"ಬಸವರಾಜ, ಅಮಾಸಿ ದಿನ ಯಂತ್ರ ನಿಲ್ಲಸ್ತೀರೇನಪಾ?"

"ಹೌದಲ್ರಿ ಮೇಡಂ, ಇವತ್ತೂ ನಿಲ್ಸೇವಿ. ಬೂದಿ ತಗದು, ಫಿಲ್ಟರ್ ತೊಳದು, ಬೆಲ್ಟ್ ನೋಡಿ, ಗ್ರೀಸ್ ಹಾಕಿ, ಕಾಯಿ ಒಡದು ಸಂಜಿಗೆ ಚಾಲೂ ಮಾಡತೇವಿ. ಎಲ್ಲಾರೂ ಮಾಡೂದ ಅಲ್ರಿ ಅದು?"

"ಮತ್ತ ಕೆಟ್ಟೈತಿ ಅಂತ ಯಾಕ ಬರದೀರಿ?"

"ಆಫೀಸಿನವ್ರು ಎರಡ ಕಾಲಂ ಕೊಟ್ಟಾರ್ರಿ. ನಡದೈತಿ, ಇಲ್ಲಾ ಕೆಟ್ಟೈತಿ. ಅಮಾಸಿಗೆ ಕಾಲಂ ಎಲ್ಲೈತ್ರಿ ಅದರಾಗ?"

ನಗು ಬಂತು. ಆದರೆ ನಗುವ ಮುಂಚೆ ನನ್ನ ಮಾದರಿಯಲ್ಲೂ ಎರಡೇ ಸ್ಥಿತಿ ಇದ್ದದ್ದು ನೆನಪಾಯಿತು. ನಾನು ಆ ಘಟಕಕ್ಕೆ ಎಷ್ಟೋ ಸಲ ಹೋಗಿದ್ದೇನೆ, ಅಮಾವಾಸ್ಯೆಯಂದು ಒಮ್ಮೆಯೂ ಹೋಗಿಲ್ಲ. ಯಾಕೆಂದರೆ ಅಂದು ನಮ್ಮ ಮನೆಯ ಗಾಡಿಯೂ ಹೊರಗೆ ಬರುವುದಿಲ್ಲ. ಬಸವರಾಜನಿಗೆ ಅದು ಹೇಳುವ ಮಾತಾಗಿರಲಿಲ್ಲ, ನನಗೆ ಅದು ಕೇಳುವ ಮಾತಾಗಿರಲಿಲ್ಲ. ಯುಹಾನ್ನುಸ್ ಬಗ್ಗೆ ನನಗೆ ಯಾರೂ ಹೇಳದಿದ್ದ ಹಾಗೆಯೇ ಇದು.

ಹೆಲ್ಮಿಯನ್ನು ಕೈ ಹಿಡಿದು ಗೋಡೆಯ ಮುಂದೆ ಕರೆತಂದು ಅಮಾವಾಸ್ಯೆಯ ವಿಷಯ ಹೇಳಿದೆ. ಆ ದೇಶದಲ್ಲಿ ಹಾಗೆ ಕೈ ಹಿಡಿದು ಎಳೆಯುವುದಿಲ್ಲ, ಅದು ನನಗೆ ಆಮೇಲೆ ನೆನಪಾಯಿತು. ಅವರು ಕಪ್ಪು ಚಂದ್ರರನ್ನೂ ಚುಕ್ಕೆಗಳನ್ನೂ ನೋಡಿ, ಮುಂದಿನ ವರ್ಷದ ದಿನಗಳು ಈಗಲೇ ಗೊತ್ತಿರುತ್ತವೆಯೇ ಎಂದು ಕೇಳಿದರು. ಮುಂದಿನ ವರ್ಷದ್ದೇನು, ನಮ್ಮ ಮೊಮ್ಮಕ್ಕಳ ಕಾಲದ್ದೂ ಗೊತ್ತಿರುತ್ತದೆ, ಅಚ್ಚು ಹಾಕಿಸಿ ಅಡುಗೆ ಮನೆಯಲ್ಲಿ ತೂಗುಹಾಕುತ್ತೇವೆ ಎಂದೆ. ಹೆಲ್ಮಿ ಮೊದಲ ಬಾರಿಗೆ ಬಾಯಿ ಬಿಟ್ಟು ನಕ್ಕರು. ಇಷ್ಟು ಖಚಿತವಾದ ದುರಸ್ತಿ ವೇಳಾಪಟ್ಟಿಯನ್ನು ತಾವು ಯಾವ ದೇಶದಲ್ಲೂ ನೋಡಿಲ್ಲ ಎಂದರು.

ಆದರೆ ಅವರು ಬಿಡುವ ಆಸಾಮಿ ಅಲ್ಲ. ಸುತ್ತಲಿನ ಘಟಕಗಳೂ ಅದೇ ದಿನ ನಿಲ್ಲುತ್ತವೆಯೇ ಎಂದು ಕೇಳಿದರು. ಒಂದು ಯಂತ್ರ ಕೆಡುವುದಕ್ಕೂ ಇನ್ನೊಂದು ಕೆಡುವುದಕ್ಕೂ ಸಂಬಂಧವಿಲ್ಲ ಎಂದು ನಮ್ಮ ಲೆಕ್ಕ ನಂಬುತ್ತದೆ. ಎಲ್ಲವೂ ಒಟ್ಟಿಗೆ ನಿಂತರೆ ಆ ನಂಬಿಕೆ ಸುಳ್ಳಾಗುತ್ತದೆ. ನಿಲ್ಲುತ್ತಿರಬಹುದು ಎಂದು ಒಪ್ಪಿಕೊಂಡೆ. ಅಂದು ನಮ್ಮಲ್ಲಿ ಮನೆ ಕಟ್ಟುವ ಗೌಂಡಿಗಳು ಕೆಲಸಕ್ಕೆ ಬರುವುದಿಲ್ಲ, ಗ್ಯಾರೇಜು ನಡೆಯುವುದಿಲ್ಲ, ಹೊಲದಲ್ಲಿ ಎತ್ತು ಹೂಡುವುದಿಲ್ಲ, ಕರೆಂಟಿನ ಬೇಡಿಕೆಯೂ ತುಸು ಇಳಿದಿರಬಹುದು ಎಂದೂ ಹೇಳಿದೆ. ಇರಬಹುದು ಎನ್ನುವುದನ್ನು ಇದೆ ಎಂದು ಬರೆಯಬೇಡಿ, ಊರಿಗೆ ಹೋಗಿ ಅಳೆಯಿರಿ ಎಂದರು.

ಇಬ್ಬರೂ ಕೂತು ಮಾದರಿಗೆ ಮೂರನೆಯ ಸ್ಥಿತಿ ಸೇರಿಸಿದೆವು. ನಡೆಯುತ್ತಿದೆ, ಕೆಟ್ಟಿದೆ, ತಿಳಿದು ನಿಲ್ಲಿಸಿದೆ. ಜ್ವರ ಬಂದು ತಪ್ಪಿಸಿಕೊಂಡ ರೊಟ್ಟಿಯಾಕೆ ಬೇರೆ, ಆ ದಿನ ಬರುವುದಿಲ್ಲ ಎಂದು ಮೊದಲೇ ಹೇಳಿದಾಕೆ ಬೇರೆ. ಎರಡನೆಯಾಕೆಗೆ ಬದಲಿ ನೋಡಿಕೊಳ್ಳಬಹುದು. ಮಳೆಗಾಲದ ಚುಕ್ಕೆಗಳು ನಿಜವಾದ ದೋಷಗಳೇ, ಅವು ಹಾಗೇ ಉಳಿದವು. ಉಳಿದ ಲೆಕ್ಕದಲ್ಲಿ ಬಸವರಾಜನ ಯಂತ್ರ ಮರ್ಯಾದಸ್ಥ ಯಂತ್ರ ಎಂದು ಉತ್ತರ ಬಂತು. ನಾನು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಹೆಲ್ಮಿ ಅದನ್ನು ನೋಡಿಯೂ ನೋಡದ ಹಾಗೆ ಎದ್ದು ಇನ್ನೊಂದು ಕಾಫಿ ತಂದರು.

ಮರಳಿ

ವರದಿ ಹಿಡಿದು ನಾನೂ ಬಸವರಾಜನೂ ಕರೆಂಟ್ ಕೊಳ್ಳುವ ಕಚೇರಿಗೆ ಹೋದೆವು. ಸಾಹೇಬರು ಮಿತಭಾಷಿ, ಫಿನ್‌ಲ್ಯಾಂಡಿನಲ್ಲಿ ಹುಟ್ಟಬೇಕಾದವರು. ಹಾಳೆ ಹಾಳೆ ತಿರುವಿದರು. ಅಮಾವಾಸ್ಯೆಯ ಪುಟಕ್ಕೆ ಬಂದಾಗ ಕನ್ನಡಕ ತೆಗೆದರು. ಬಸವರಾಜ ಬೆವರು ಒರೆಸಿಕೊಂಡ. ಮಳೆಗಾಲಕ್ಕೆ ಕಟ್ಟಿಗೆ ಒಣಗಿಸಿಡಲು ತಗಡಿನ ಶೆಡ್ ಹಾಕುತ್ತೇವೆ ಎಂದು ಅವನು ಹೇಳಿದ್ದನ್ನು ಅವರು ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ.

"ಯಂತ್ರ ಒಮ್ಮೆ ಕಣ್ಣಾರೆ ನೋಡಬೇಕಲ್ಲ. ಮುಂದಿನ ವಾರ ಬರತೇನಿ" ಎಂದು ಬೆನ್ನ ಹಿಂದಿನ ಕ್ಯಾಲೆಂಡರಿಗೆ ತಿರುಗಿದರು. ಬೆರಳು ಒಂದು ಚೌಕದ ಮೇಲೆ ಹೋಗಿ, ತಡೆದು, ಪಕ್ಕಕ್ಕೆ ಸರಿಯಿತು. "ಗುರುವಾರ ಬ್ಯಾಡ್ರಿ. ಅವತ್ತ ಅಮಾಸಿ ಐತಿ, ನಾ ಗಾಡಿ ಹೊರಗ ತಗಿಯಂಗಿಲ್ಲ."

ಹೇಳಿದ ಮೇಲೆ ಅವರಿಗೇ ಕೇಳಿಸಿತು. ನಾನು ವರದಿಯ ಕಡೆ ನೋಡಿದೆ, ಬಸವರಾಜ ನೆಲದ ಕಡೆ ನೋಡಿದ. ಸಾಹೇಬರು ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಆ ಪುಟ ಓದಿದರು. ಮೂರನೆಯ ಕಾಲಂ ಒಂದನ್ನು ಸೇರಿಸುವ ವಿಚಾರ ಮಾಡೋಣ, ನಿಲ್ಲಿಸುವ ದಿನಗಳನ್ನು ವರ್ಷದ ಮೊದಲಿಗೇ ತಿಳಿಸಿರಿ, ನಿಮ್ಮ ಪಕ್ಕದ ಘಟಕದವರ ಜೊತೆ ಕೂತು ಒಬ್ಬರು ಹುಣ್ಣಿಮೆಗೆ ನಿಲ್ಲಿಸಲು ಆಗುತ್ತದೆಯೇ ನೋಡಿರಿ ಎಂದರು. ಕರಾರು ಮುಂದುವರಿಯಿತು. ಪಕ್ಕದವರು ಇನ್ನೂ ಹುಣ್ಣಿಮೆಗೆ ಒಪ್ಪಿಲ್ಲ, ಮಾತು ನಡೆದಿದೆ.

ಆ ಗುರುವಾರ ನಾನು ಬಸ್ಸಿನಲ್ಲಿ ಉಪ್ಪಿನಬೆಟಗೇರಿಗೆ ಹೋದೆ. ನಿಂತ ಇಂಜಿನ್ನನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಸುತ್ತ ಮಂದಿ ಬೂದಿ ತೋಡುತ್ತಿದ್ದರು, ಬೆಲ್ಟಿನ ಅಂಚನ್ನು ಬೆರಳಿನಿಂದ ತಡವಿ ನೋಡುತ್ತಿದ್ದರು, ತೊಳೆದ ಫಿಲ್ಟರುಗಳು ಬಿಸಿಲಿಗೆ ಸಾಲಾಗಿ ಒಣಗುತ್ತಿದ್ದವು. ಕೊಬ್ಬರಿ ಸಕ್ಕರೆ ಬಾಯಿಗೆ ಹಾಕಿಕೊಳ್ಳುವಾಗ ಫೋನ್ ಮಿಡಿಯಿತು. ಹೆಲ್ಮಿಯ ಸಂದೇಶ. ಮೇಲೆ ಅವರ ಸರೋವರದ ಚಿತ್ರ, ಕೆಳಗೆ ಒಂದೇ ಸಾಲು: ಇಲ್ಲಿ ಗೋಡೆಯ ಮೇಲೆ ಕಪ್ಪು ಚಂದ್ರ, ನಿಮ್ಮ ಯಂತ್ರ ರಜೆಯಲ್ಲಿದೆಯೇ?

ಬಸವರಾಜನಿಗೆ ಓದಿ ಹೇಳಿದೆ. ಅವನು ಕೈಯ ಗ್ರೀಸನ್ನು ಅರಿವೆಗೆ ಒರೆಸಿಕೊಂಡು ಇಂಜಿನ್ನಿನ ಕಡೆ ನೋಡಿದ.

"ಹೌದಂತ ಬರೀರಿ ಮೇಡಂ. ಸಂಜಿ ಮುಂದ ಏಳತೈತಿ ಅಂತನೂ ಬರೀರಿ" ಎಂದ.

ಬರೆದು ಕಳಿಸಿದೆ. ಉತ್ತರ ತಪ್ಪಾಗಬಾರದಲ್ಲ ಎಂದು ಸಂಜೆಯವರೆಗೆ ಅಲ್ಲೇ ಕೂತೆ. ಹೊತ್ತು ಇಳಿಯುವಾಗ ಯಂತ್ರ ಎದ್ದಿತು.